ಒಂದು ಮನೆಗೆ ಒಂದೇ ಗಾಜು

ಇಳಿವರ್ಷ ಎಂಬತ್ತೆಂಟು, ಎರಡನೆಯ ಬೇಸಿಗೆ, ಹದಿಮೂರನೆಯ ತಿಂಗಳು
ಕೆಳಪೇಟೆ, ಕೃಷ್ಣಾ ಬಯಲಿನ ಅಡಿ

ಕೋಣೆಗೊಂದು ಸ್ವಿಚ್ಚು ಇಟ್ಟುಕೊಂಡಿರುವವರಿಗೆ,

ನಿಮ್ಮ ಪಂಚಾಂಗದಲ್ಲಿ ಇಂಥ ತಿಂಗಳಿಲ್ಲವೆಂದು ಬಲ್ಲೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆಯಿರಲಿ. ಮೇಲಿನ ನೆಲ ಕಾದು ಬಾಳಲಾಗದಂತಾದಾಗ ನಮ್ಮ ಹಿರಿಯರು ನೆಲದಡಿಗೆ ಇಳಿದರು. ಇಳಿದಂದಿನಿಂದ ನಾವು ವರ್ಷ ಎಣಿಸುತ್ತೇವೆ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ, ಎಂದರೆ ಕಳೆದ ಕಾಲಕ್ಕೆ ಟಪಾಲು ಒಯ್ಯುವ ಅಂಚೆಯಲ್ಲಿ. ಬೇರೆಯವರು ಅದರಲ್ಲಿ ಮುತ್ತಜ್ಜಂದಿರಿಗೆ ನಮಸ್ಕಾರ ಬರೆಯುತ್ತಾರೆ. ನಾನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ.

ನಮ್ಮ ಮನೆಗಳಿಗೆ ಬೆಳಕು ಮೇಲಿನಿಂದ ಗಾಜಿನ ಎಳೆಗಳಲ್ಲಿ ಹರಿದುಬರುತ್ತದೆ. ಇದಕ್ಕೆ ಬೆಳಕುಗಾಲುವೆ ಎಂದು ಹೆಸರು. ಅದು ಮನೆ ಹೊಗುವ ಕಡೆ ಬಣ್ಣಗಾಜು ಎಂಬುದೊಂದನ್ನು ಕೂರಿಸುತ್ತಾರೆ. ಬೆಳಕು ಹಳದಿಯೋ ಬಿಳಿಯೋ ಎಂಬುದನ್ನು ತೀರ್ಮಾನಿಸುವುದು ಅದೇ. ನೀವು ಕೆಲ್ವಿನ್ ಎನ್ನುತ್ತಿದ್ದುದನ್ನು ನಾವು ಕಾವು ಎನ್ನುತ್ತೇವೆ. ಎರಡು ಸಾವಿರದ ಏಳುನೂರು ಕಾವಿನದು ಎಣ್ಣೆದೀಪದ ಹಳದಿ. ಆರೂವರೆ ಸಾವಿರದ್ದು ನಡುಹಗಲಿನ ಬಿಳುಪು. ಕಾವು ಏರಿದಷ್ಟೂ ಬೆಳಕು ತಣ್ಣಗೆ ಕಾಣುವುದು ತಮಾಷೆಯೇ, ಆದರೆ ನಿಮ್ಮ ಕಾಲದಲ್ಲೂ ಹಾಗೇ ಇತ್ತಂತೆ. ಒಂದು ಮನೆಗೆ ಒಂದೇ ಗಾಜು. ಅಡುಗೆಮನೆಗೂ ಅದೇ, ಹಾಸಿಗೆಗೂ ಅದೇ. ಒಂದು ಜನ್ಮದಲ್ಲಿ ಒಮ್ಮೆ ಮಾತ್ರ ಅದನ್ನು ಬದಲಾಯಿಸಿಕೊಳ್ಳಬಹುದು. ಪರದೆ ಎಳೆದು ಬೆಳಕನ್ನು ಪೂರ್ತಿ ಮುಚ್ಚಬಹುದು, ನಿಜ. ಆದರೆ ನೆಲದಡಿಯ ಕತ್ತಲೆ ಎಂಥದ್ದೆಂದು ನಿಮಗೆ ಗೊತ್ತಿಲ್ಲ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದು ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ.

ನನ್ನ ಹೆಸರು ಹಂಪಮ್ಮ. ಹರಿದ ಹಳೆಯ ಸೀರೆಗಳಿಗೆ ರಫು ಹಾಕುವುದು ನನ್ನ ಕೆಲಸ. ಹೊಸ ರೇಷ್ಮೆ ಹುಟ್ಟದ ಊರಿನಲ್ಲಿ ಅಜ್ಜಿಯರ ಸೀರೆ ಚಿನ್ನಕ್ಕಿಂತ ಹೆಚ್ಚು. ಹರಿದ ಜಾಗದಲ್ಲಿ ಅದೇ ಬಣ್ಣದ ಎಳೆ ಹುಡುಕಿ, ಹೊಲಿದದ್ದು ಕಾಣದಂತೆ ಹೆಣೆಯಬೇಕು. ಅದಕ್ಕೆಂದೇ ನಾನು ಮದುವೆಯಾಗಿ ಮನೆ ಹೊಕ್ಕಾಗ ಬಿಳಿ ಗಾಜು ಕೇಳಿ ಪಡೆದಿದ್ದೆ. ಗಂಡ ದೂರದ ನೀರಿನ ಸುರಂಗದಲ್ಲಿ ದುಡಿಯುತ್ತಾನೆ, ಹಬ್ಬಕ್ಕೊಮ್ಮೆ ಬರುತ್ತಾನೆ. ಮನೆಯಲ್ಲಿ ನಾನು, ನನ್ನ ಅವ್ವ. ಎದುರುಮನೆಯಲ್ಲಿ ನನ್ನ ತಂಗಿ ಸೂಗಮ್ಮ, ನಮ್ಮ ಸೂಗಿ, ಒಬ್ಬಳೇ ಇದ್ದಾಳೆ. ಆಕೆಯದು ಹಳದಿ ಗಾಜು.

ಅವ್ವ ಮಧ್ಯಾಹ್ನದ ಊಟವಾದ ಮೇಲೆ ಸ್ವಲ್ಪ ಅಡ್ಡಾಗಲು ತಂಗಿಯ ಮನೆಗೆ ಹೋಗತೊಡಗಿದಳು. ಆಮೇಲೆ ಸಂಜೆಯೂ ಅಲ್ಲೇ. ಒಂದು ದಿನ ಹಾಸಿಗೆಯೂ ಹೋಯಿತು. ನಾನು ಬೇಯಿಸಿದ ಸಾರನ್ನು ಬಟ್ಟಲಲ್ಲಿ ಹಾಕಿಕೊಂಡು ಎದುರುಮನೆಗೆ ಹೋದರೆ, ಅವ್ವ ಆ ಹಳದಿ ಬೆಳಕಿನಲ್ಲಿ ಗೋಡೆಗೊರಗಿ ಕೂತಿದ್ದಳು. ಮುಖದ ಸುಕ್ಕುಗಳೇ ಕಾಣುತ್ತಿರಲಿಲ್ಲ. ಸೂಗಿ ಅವಳ ಕಾಲೊತ್ತುತ್ತಿದ್ದಳು. ಬಟ್ಟಲನ್ನು ಸದ್ದಾಗುವಂತೆ ನೆಲಕ್ಕಿಟ್ಟೆ.

"ಅವ್ವಾ, ನನ್ನ ಮನ್ಯಾಗ ನಿನಗೇನು ಕಡಿಮಿ ಆಗ್ಯಾದ?" ಎಂದು ಕೇಳಿದೆ.

"ಕಡಿಮಿ ಏನಿಲ್ಲವಾ," ಎಂದಳು ಅವ್ವ. "ನಿನ್ನ ಮನಿ ಬೆಳಕು ಕೆಲಸದ ಬೆಳಕು. ಅಲ್ಲಿ ಕುಂತ್ರ ಎದ್ದು ಏನರೆ ಮಾಡಬೇಕು ಅನ್ನಸ್ತದ. ಕಣ್ಣು ಮುಚ್ಚಿದ್ರೂ ಮುಂಜಾನಿ ಹೋಗಂಗಿಲ್ಲ. ಪರದಿ ಎಳದ್ರ ಕತ್ತಲಿಗೆ ಎದಿ ಒಡಿತದ."

ಸೂಗಿ ತಲೆಯೆತ್ತಲಿಲ್ಲ. ಅವಳು ಗೆದ್ದ ಮುಖ ಮಾಡಿದ್ದರೆ ಒಂದು ಮಾತು ಆಡಿ ಹಗುರಾಗುತ್ತಿದ್ದೆ. ಅವಳು ಅದನ್ನೂ ಮಾಡಲಿಲ್ಲ.

ಮರುವಾರ ನಾನು ಬೆಳಕಿನ ಕಚೇರಿಗೆ ಹೋಗಿ, ಜನ್ಮಕ್ಕೊಮ್ಮೆಯ ಆ ಬದಲಾವಣೆಯನ್ನು ಕೇಳಿಬಿಟ್ಟೆ. ಅಲ್ಲಿದ್ದಾತ, "ರಫುದಾಕಿ ಹಳದಿ ಒಯ್ತೀಯಲ್ಲಬೇ, ವಿಚಾರ ಮಾಡಿದಿ?" ಎಂದ. ಮಾಡಿದ್ದೇನೆ ಎಂದೆ. ಬಿಳಿ ಗಾಜು ಹೋಗಿ ಹಳದಿ ಬಂತು. ಆ ಸಂಜೆ ನನ್ನ ಮನೆ ನನಗೇ ಗುರುತಾಗಲಿಲ್ಲ. ಗೋಡೆಯ ಸುಣ್ಣ ಬೆಣ್ಣೆಯಂತಾಗಿತ್ತು, ಹಿತ್ತಾಳೆ ಚೊಂಬು ಹೊಸದರಂತೆ ಹೊಳೆಯುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ಎದುರುಮನೆಗೆ ಹೋಗಿ ಹಾಸಿಗೆ ಹೊತ್ತುಕೊಂಡು ಬಂದಳು. ತಂಗಿಯ ಬಾಗಿಲ ಕಡೆ ನಾನು ಬೇಕೆಂದೇ ಎರಡು ಸಲ ನೋಡಿದೆ.

ನನ್ನ ಸಂತೋಷ ಹುಲಿಗೆಮ್ಮನ ಮಗಳ ಮದುವೆಯವರೆಗೆ ಇತ್ತು. ಹುಲಿಗೆಮ್ಮ ನಮ್ಮ ಓಣಿಯವಳೇ, ಮುತ್ತಜ್ಜಿಯ ಇಳಕಲ್ ಸೀರೆಯನ್ನು ರಫುವಿಗೆ ಕೊಟ್ಟಿದ್ದಳು. ಕಡುನೀಲಿ ಒಡಲು, ಸೆರಗಿನ ಹತ್ತಿರ ಅಂಗೈಯಷ್ಟು ಹರಿದಿತ್ತು. ಎಳೆಗಳನ್ನು ಬೆಳಕಿಗೆ ಹಿಡಿದು ನೋಡಿ, ಹೊಂದುವುದನ್ನು ಆರಿಸಿ, ಕೂತು ಹೆಣೆದೆ. ನನ್ನ ಕಣ್ಣಿಗೆ ರಫು ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಮಾರನೆಯ ದಿನ ಹುಲಿಗೆಮ್ಮ ಅದನ್ನು ಹಿಡಿದುಕೊಂಡು ತಿರುಗಿ ಬಂದಳು. ಆಕೆಯದು ಬಿಳಿ ಗಾಜಿನ ಮನೆ.

"ಹಂಪವ್ವಾ, ನಮ್ಮ ಮನ್ಯಾಗ ಬಿಚ್ಚಿ ನೋಡಿದ್ರ ಇರಿವಿ ಸಾಲು ಹೊಂಟಂಗ ಕಾಣ್ತದಲ್ಲವಾ ಇದು?" ಎಂದಳು.

ನಾನು ಹೆಣೆದದ್ದು ಕಪ್ಪು ಎಳೆ. ಹಳದಿ ಬೆಳಕಿನಲ್ಲಿ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಆಕೆ ಬೈಯಲಿಲ್ಲ, ಮದುವೆಯಲ್ಲಿ ಸೆರಗನ್ನು ಒಳಗೆ ಮಡಚಿ ಉಡಿಸಿದರು. ಆದರೆ ಓಣಿಯಲ್ಲಿ ಸುದ್ದಿ ನಡೆಯಿತು, ನನ್ನ ಬಾಗಿಲಿಗೆ ಸೀರೆಗಳು ಬರುವುದು ನಿಂತಿತು. ಅವ್ವ ಸುಖವಾಗಿ ನಿದ್ದೆ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಸೂಜಿ ಹಿಡಿದು ಸುಮ್ಮನೆ ಕೂತಿರುತ್ತಿದ್ದೆ.

ಆಗ ಸೂಗಿ ಮಾಡಿದ್ದನ್ನು ಕೇಳಿ. ಯಾರಿಗೂ ಹೇಳದೆ ಕಚೇರಿಗೆ ಹೋಗಿ, ತನ್ನ ಜನ್ಮದ ಒಂದೇ ಬದಲಾವಣೆಯನ್ನು ಖರ್ಚು ಮಾಡಿ, ತನ್ನ ಹಳದಿ ಗಾಜನ್ನು ತೆಗೆಸಿ ಬಿಳಿಯದನ್ನು ಹಾಕಿಸಿಕೊಂಡು ಬಂದಳು. ಬಂದವಳು ನನ್ನ ದಾರದ ಪೆಟ್ಟಿಗೆ ಎತ್ತಿಕೊಂಡು ತನ್ನ ಮನೆಯ ನಡುವೆ ಇಟ್ಟಳು.

"ಅಕ್ಕಾ, ಹಗಲೆಲ್ಲಾ ಇಲ್ಲಿ ಕುಂದ್ರು. ಸಂಜಿಗೆ ನಾನೂ ನಿನ್ನ ಮನಿಗೇ ಬಂದು ಮಲಗ್ತೀನಿ."

"ಯಾರು ಹೇಳಿದ್ರು ನಿನಗ ಹಿಂಗ ಮಾಡು ಅಂತ?" ಎಂದೆ. ದನಿ ಗಡುಸಾಗಿಯೇ ಬಂತು.

"ಯಾರರೆ ಹೇಳಬೇಕೇನು?" ಎಂದಳು.

ಈಗ ಸೀರೆಗಳು ಮತ್ತೆ ಬರುತ್ತಿವೆ. ನಾವು ಮೂವರೂ ದಿನವಿಡೀ ಓಣಿ ದಾಟುತ್ತಿರುತ್ತೇವೆ, ಹೊಲಿಯಲು ಅತ್ತ, ಉಣ್ಣಲು ಮಲಗಲು ಇತ್ತ. ಬಂದವರೆಲ್ಲ ಸೂಗಿಯ ಗುಣ ಹಾಡುತ್ತಾರೆ. ಅವ್ವ ನನ್ನ ಮನೆಯಲ್ಲಿ ಮಲಗಿಕೊಂಡೇ ಅವಳನ್ನು ಹೊಗಳುತ್ತಾಳೆ. ಮೊದಲು ತಂಗಿಯ ಬೆಳಕಿನ ಮೇಲೆ ಇದ್ದ ಹೊಟ್ಟೆಕಿಚ್ಚು ಈಗ ಅವಳ ಒಳ್ಳೆಯತನದ ಮೇಲೆ ಬಂದು ಕೂತಿದೆ. ಹೀಗೆ ಎರಡು ಮನೆಯ ಬೆಳಕು ಹಂಚಿಕೊಳ್ಳುವ ದಾರಿ ನನಗೆ ಮೊದಲೇ ಏಕೆ ಹೊಳೆಯಲಿಲ್ಲ, ಅವಳಿಗೇ ಏಕೆ ಹೊಳೆಯಿತು ಎಂದು ಒಂದೊಂದು ಎಳೆ ಸೇರಿಸುವಾಗಲೂ ಅನಿಸುತ್ತದೆ.

ಕಳೆದ ತಿಂಗಳು ಮೂವರೂ ಹಳೆಮನೆ ನೋಡಲು ಹೋಗಿದ್ದೆವು. ನಿಮ್ಮ ಕಾಲದ ಮನೆಯೊಂದನ್ನು ಹಾಗೇ ಕಟ್ಟಿ ಇಟ್ಟಿದ್ದಾರೆ. ಅಲ್ಲಿನ ಕಾವಲಿನಾಕೆ ಸ್ವಿಚ್ಚುಗಳನ್ನು ಒತ್ತಿ ತೋರಿಸಿದಳು. ಮಲಗುವ ಕೋಣೆಯಲ್ಲಿ ಮೆತ್ತಗಿನ ಹಳದಿ. ಅಡುಗೆಮನೆಯಲ್ಲಿ ನಾಲ್ಕು ಸಾವಿರ ಕಾವಿನದು, ಸೊಪ್ಪಿನ ಹುಳು ಕಾಣುವಷ್ಟು ಬಿಳುಪು, ಆದರೆ ಕಣ್ಣು ಚುಚ್ಚುವುದಿಲ್ಲ. ಓದುವ ಮೇಜಿನ ಮೇಲೆ ಇನ್ನೂ ಬಿಳಿಯದು. ಒಂದು ಬಲ್ಬಂತೂ ಗುಂಡಿ ಒತ್ತಿದ ಹಾಗೆಲ್ಲ ಹಳದಿಯಿಂದ ಬಿಳಿಗೆ ತಿರುಗುತ್ತಿತ್ತು. ಒಂದೇ ಸೂರಿನಡಿ ಇಷ್ಟೆಲ್ಲ. ಅವ್ವ ಬಹಳ ಹೊತ್ತು ನೋಡಿ ಕಾವಲಿನಾಕೆಯನ್ನು ಕೇಳಿದಳು:

"ಇಂಥಾ ಮನ್ಯಾಗ ಅಕ್ಕತಂಗೇರು ಜಗಳಾನೇ ಆಡ್ತಿದ್ದಿಲ್ಲೇನು?"

"ಆಡ್ತಿದ್ರಂತ ಅಮ್ಮಾ," ಎಂದು ಆಕೆ ನಕ್ಕಳು. "ಬ್ಯಾರೆ ಯಾವ್ಯಾವುದಕ್ಕೋ. ಈ ಬೆಳಕಿನ ಕಡಿ ಭಾಳ ಮಂದಿ ಲಕ್ಷ್ಯಾನ ಕೊಡ್ತಿದ್ದಿಲ್ಲ. ಅಂಗಡ್ಯಾಗ ಕೈಗೆ ಸಿಕ್ಕಿದ್ದು ತಂದು, ಎಲ್ಲಾ ಕೋಣಿಗೂ ಒಂದೇ ಬಿಳಿ ಟ್ಯೂಬ್‌ಲೈಟ್ ಹಾಕ್ತಿದ್ರು."

ಸೂಗಿ ಮೆಲ್ಲಗೆ ನನ್ನ ಕೈ ಹಿಡಿದುಕೊಂಡಳು. ಅವಳ ಕೈಯೂ ಬಿಸಿಯಾಗಿತ್ತು. ಅಷ್ಟು ವರ್ಷಗಳಲ್ಲಿ ನಮ್ಮಿಬ್ಬರಿಗೂ ಒಟ್ಟಿಗೆ ಹೊಟ್ಟೆಯುರಿದದ್ದು ಅದೇ ಮೊದಲು, ಅದೂ ನಿಮ್ಮ ಮೇಲೆ.

ಆದ್ದರಿಂದ ನನ್ನದೊಂದು ಕೋರಿಕೆ. ಮುಂದಿನ ಸಲ ಬಲ್ಬು ಕೊಳ್ಳುವಾಗ ಡಬ್ಬಿಯ ಮೇಲಿನ ಆ ಕೆಲ್ವಿನ್ ಅಂಕಿ ಓದಿ. ಯಾವ ಕೋಣೆಯಲ್ಲಿ ಯಾರು ಕೂರುತ್ತಾರೆ, ಅಲ್ಲಿ ಅವರು ದುಡಿಯಬೇಕೋ ದಣಿವಾರಿಸಿಕೊಳ್ಳಬೇಕೋ ಎಂದು ಒಂದು ಗಳಿಗೆ ಯೋಚಿಸಿ. ವಯಸ್ಸಾದವರು ಮಲಗುವ ಕಡೆ ಹಳದಿ ಇರಲಿ. ಸೂಜಿ, ಚಾಕು, ಪುಸ್ತಕ ಹಿಡಿಯುವ ಕಡೆ ಬಿಳಿ ಇರಲಿ. ನಾವು ಎರಡು ಮನೆ, ಎರಡು ಜನ್ಮದ ಅವಕಾಶ ಸುರಿದು ಪಡೆದದ್ದು ನಿಮಗೆ ಗೋಡೆಯ ಮೇಲೆ ಬೆರಳ ತುದಿಯಲ್ಲಿದೆ. ನಾವು ಹೊಟ್ಟೆಕಿಚ್ಚು ಪಡುವುದಕ್ಕೆ ತಕ್ಕ ಹಾಗಾದರೂ ಬಾಳಿ.

ಇಂತು,
ರಫು ಹಂಪಮ್ಮ