ತವರಿನ ತಕ್ಕಡಿ

ಜೂನ್ 4, ಬೆಳಿಗ್ಗೆ 6.20

ಅನ್ನ ನೂರು ಗ್ರಾಂ. ಬೇಯಿಸಿದ ಕಾಳು ಎಂಬತ್ತು. ಬೀನ್ಸ್, ಕ್ಯಾರೆಟ್ ಸೇರಿ ನೂರೈವತ್ತು. ಎಣ್ಣೆ ಒಂದು ಟೀ ಚಮಚ. ನನ್ನ ಡಬ್ಬಿ ಮುಚ್ಚಿದ್ದಾಯಿತು.

ಇವರಿಗೂ ಒಂದು ಕಟ್ಟಿದೆ. ಮುಚ್ಚಳ ತೆಗೆದು ನೋಡಿದರು. "ಇದೇನು, ಪಾರಿವಾಳಕ್ಕೆ ಹಾಕೋದಾ?" ಎಂದರು. ಬಿಟ್ಟು ಹೋದರು. ನಿನ್ನೆಯೂ ಬಿಟ್ಟು ಹೋಗಿದ್ದರು. ನಾಳೆಯೂ ಕಟ್ಟುತ್ತೇನೆ.

ಈ ನೋಟ್‌ಬುಕ್ಕಿನ ಹಿಂದಿನ ಪುಟಗಳ ತುಂಬ ಅತ್ತಿಗೆಯ ಊಟದ ತೂಕ. ಇವರ ಅಕ್ಕ. ಹನ್ನೊಂದು ತಿಂಗಳು, ಒಂದು ಹೊತ್ತೂ ಬಿಡದೆ ತೂಗಿ ಬರೆದಿದ್ದೆ. ಅವರು ಹೋಗಿ ಏಳು ತಿಂಗಳಾಯಿತು. ಉಳಿದ ಹಾಳೆ ಯಾಕೆ ದಂಡ ಎಂದು ನನ್ನದನ್ನು ಬರೆಯುತ್ತಿದ್ದೇನೆ. ನನಗೂ ಈಗ ಶುಗರ್ ಇದೆಯಲ್ಲ.

ಜೂನ್ 7, ಭಾನುವಾರ

ಊಟದ ಮೇಜಿಗೆ ಮೂರು ಕುರ್ಚಿ. ಗೋಡೆ ಕಡೆಯದು ಅತ್ತಿಗೆಯದು. ಅದರ ಒಂದು ಕಾಲು ಮೋಟು. ಎಳೆದರೆ ಟಕ್ ಎಂದು ಕುಂಟಿಕೊಂಡು ಬರುತ್ತದೆ. ಈಗ ಎಳೆಯುವವರಿಲ್ಲ.

ಇವರು ಕುರ್ಚಿಯಲ್ಲಿ ಕೂತು ಉಂಡು ಏಳು ತಿಂಗಳು. ಕಿಟಕಿ ಹತ್ತಿರ ನಿಂತೇ ತಿನ್ನುವುದು. ಬೇಕರಿ ಬನ್, ಕರಿದ ಆಲೂಗಡ್ಡೆ ಪೊಟ್ಟಣ, ನಾಲ್ಕು ಚಮಚ ಸಕ್ಕರೆ ಹಾಕಿದ ಟೀ. ಕೈಗೆ ಏನು ಸಿಕ್ಕರೆ ಅದು. ರುಚಿಗಾಗಿ ತಿಂದಂತೆಯೂ ಕಾಣುವುದಿಲ್ಲ. ಹಾಗೆ ಕಂಡಿದ್ದರೆ ಸುಮ್ಮನಿರುತ್ತಿದ್ದೆನೇನೋ.

ಹೋದ ತಿಂಗಳು ಒಂದು ಅಂಗಡಿಯಲ್ಲಿ ತಕ್ಕಡಿ ರಿಪೇರಿ ಮಾಡುತ್ತಾ ತಲೆ ತಿರುಗಿ ಸ್ಟೂಲಿನಿಂದ ಬಿದ್ದರಂತೆ. ಹೇಳಿದ್ದು ಅಂಗಡಿಯವರು, ಇವರಲ್ಲ. ಡಾಕ್ಟರು ರಕ್ತ ಪರೀಕ್ಷೆಗೆ ಚೀಟಿ ಬರೆದರು. ಚೀಟಿ ಕನ್ನಡಿಯ ಹಿಂದೆ ಸಿಕ್ಕಿಸಿದೆ. ಅಲ್ಲೇ ಹಳದಿಯಾಗುತ್ತಿದೆ.

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ಗುಂಡುಕಲ್ಲು ಸ್ಟೂಲಿಂದ ಬೀಳುತ್ತೇನ್ರೀ?"

ಒಂದು ಕ್ಷಣ ಇವರಿಗೆ ನಗು ಬರುವ ಹಾಗಿತ್ತು. ಬರಲಿಲ್ಲ. ನಾನು ತೂಗುತ್ತಿದ್ದುದನ್ನು ನೋಡಿ, "ಆ ಹಳೇ ತಕ್ಕಡಿ ಬಿಸಾಕು. ಬೇರೆ ತಂದುಕೊಡ್ತೀನಿ" ಎಂದರು. ಎರಡನೇ ಸಲ ಹೇಳುತ್ತಿರುವುದು.

ಬಿಸಾಕುವುದಿಲ್ಲ. ಅತ್ತಿಗೆಯ ಊಟ ತೂಗಿದ ಸ್ಪ್ರಿಂಗ್ ತಕ್ಕಡಿ.

ನನಗೆ ಬೇರೇನೂ ಬೇಡ. ಇನ್ನೊಂದು ಕುರ್ಚಿ ಖಾಲಿಯಾಗಬಾರದು. ಅಷ್ಟೇ.

ಜೂನ್ 10, ಮಧ್ಯಾಹ್ನ, ಅಂಗಡಿಯಲ್ಲಿ

ಇವತ್ತು ಕೋಟುಗಳ ರಾಶಿ. ಇಸ್ತ್ರಿ ಹಿಡಿದೂ ಹಿಡಿದೂ ಮಣಿಕಟ್ಟು ನೋಯುತ್ತಿದೆ. ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ — ನಾನು, ಸ್ಟೀಮಕ್ಕ. ಉಗಿ ಯಂತ್ರ ಅವರದು, ಅದಕ್ಕೇ ಆ ಹೆಸರು.

"ಏನೇ, ಇವತ್ತೂ ಹುಲ್ಲೇನಾ?"

"ಕ್ಯಾರೆಟ್ ಅಕ್ಕ."

"ಹುಲ್ಲಿನ ಬೇರು. ನಿನ್ನ ಯಜಮಾನರಿಗೆ?"

"ಮುಟ್ಟಲ್ಲ."

"ಕೊಂಬು ಬಂದಿದೆಯಾ ಅವರಿಗೆ? ಮೂಗು ಹಿಡಿದು ತುರುಕು."

ನಕ್ಕೆ. ಆಮೇಲೆ ಅತ್ತಿಗೆಯ ನೆನಪಾಯಿತು. ಸಣ್ಣ ಮಕ್ಕಳ ಹಾಗೆ ತಕ್ಕಡಿಯ ಮುಂದೆ ಗದ್ದ ಊರಿ ಕೂರುತ್ತಿದ್ದರು. ಕಿಡ್ನಿ ಕೈಕೊಟ್ಟಿತ್ತು, ಶುಗರ್ ಬೇರೆ. ಎಲ್ಲದಕ್ಕೂ ಅಳತೆ. ಮುಳ್ಳು ನೂರಕ್ಕೆ ಬಂದ ಕೂಡಲೇ ನಾನು ಕೈ ತೆಗೆಯುತ್ತಿದ್ದೆ. ಅವರು ನಗುತ್ತಿದ್ದರು. "ನೀನು ಎಷ್ಟಾದ್ರೂ ಬಿಗಿ ಹಿಡಿ ಹುಡುಗಿ. ಇದು ನನ್ನ ತವರಿನ ತಕ್ಕಡಿ. ನನ್ನ ಪರಾನೇ."

ತಮ್ಮ, ಎಂದರೆ ಇವರು, ತಂದುಕೊಟ್ಟ ತಕ್ಕಡಿ, ಅದಕ್ಕೇ ತವರಿನದು. ಐವತ್ತೆಂಟು ವರ್ಷದ ಹೆಂಗಸು ನನ್ನನ್ನು ಹುಡುಗಿ ಎನ್ನುತ್ತಿದ್ದರು. ಈಗ ಹಾಗೆ ಕರೆಯುವವರಿಲ್ಲ.

ಜೂನ್ 16, ಸಂಜೆ

ಕ್ಲಿನಿಕ್ಕಿಗೆ ಹೋಗಿದ್ದೆ. ತೂಕ ಇಳಿದಿಲ್ಲ. ಒಂದೂವರೆ ಕೆಜಿ ಏರಿದೆ. ಶುಗರ್ ಎಲ್ಲಿತ್ತೋ ಅಲ್ಲೇ.

ಡಯಟ್ ಮೇಡಂ ಚೀಟಿ ನೋಡಿದರು, ನನ್ನ ಮುಖ ನೋಡಿದರು. "ಅಂದಾಜಿನಲ್ಲಿ ಹಾಕ್ಕೊಳ್ತೀರಾ?"

"ಇಲ್ಲ ಮೇಡಂ. ಒಂದೊಂದು ಗ್ರಾಮೂ ತೂಗ್ತೀನಿ. ನಮ್ಮನೆಯವರು ತಕ್ಕಡಿ ರಿಪೇರಿ ಮಾಡೋರು."

"ಹಾಗಾದ್ರೆ ತಕ್ಕಡಿ ಸರಿ ಇದೆ. ಕೈ ಸರಿ ಇಲ್ಲ."

ಸಾಲಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಕದ್ದು ತಿನ್ನುವವಳು ಎಂದುಕೊಂಡಿರಬೇಕು. ಏನು ಹೇಳಲಿ.

ಮನೆಗೆ ಬಂದು ಇವರಿಗೆ ಹೇಳಿದೆ. "ನೋಡಿದ್ಯಾ, ತಿಂದ್ರೂ ಅಷ್ಟೇ, ಬಿಟ್ರೂ ಅಷ್ಟೇ" ಎನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಏನೋ ಹೇಳಲು ಬಾಯಿ ತೆರೆದರು. ನೀರು ಕುಡಿದು ಹೊರಗೆ ಹೋದರು.

ಜೂನ್ 19, ಸಂಜೆ 5.30

ಮರ್ಯಾದೆ ಹೋಯಿತು.

ಕಾಳಿನ ಹೊಸ ಪ್ಯಾಕೆಟ್ ತಂದಿದ್ದೆ. ಅರ್ಧ ಕೆಜಿಯದು, ಸೀಲ್ ಮಾಡಿದ್ದು. ಕತ್ತರಿ ಹುಡುಕುವಾಗ ಸುಮ್ಮನೆ ತಕ್ಕಡಿಯ ಮೇಲೆ ಇಟ್ಟೆ. ಮುಳ್ಳು ನಾನೂರ ಮೂವತ್ತಕ್ಕೆ ನಿಂತಿತು. ಎತ್ತಿ ಮತ್ತೆ ಇಟ್ಟೆ. ಅದೇ. ಎಪ್ಪತ್ತು ಗ್ರಾಂ ಹೊಡೆದಿದ್ದಾರೆ!

ಚಪ್ಪಲಿ ಮೆಟ್ಟಿ ನೇರ ದಿನಸಿ ಅಂಗಡಿಗೆ. ಜೋರಾಗಿ ಮಾತಾಡಿ ಅಭ್ಯಾಸವಿಲ್ಲದವಳು ಇವತ್ತು ಜೋರು ಮಾಡಿದೆ. "ತಕ್ಕಡಿಯವರ ಮನೆಗೇ ಮೋಸ ಮಾಡ್ತೀರಾ?" ಎಂದೂ ಅಂದೆ. ನಾಲ್ಕು ಜನ ನಿಂತು ನೋಡಿದರು.

ಅಂಗಡಿಯಾತ ಪ್ಯಾಕೆಟ್ ತೆಗೆದುಕೊಂಡು ತನ್ನ ತಕ್ಕಡಿಯ ಮೇಲಿಟ್ಟ. ಐನೂರು, ಅದರ ಮೇಲೆ ಕವರಿನ ಮೂರು ಗ್ರಾಂ.

"ನಿಮ್ಮ ತಕ್ಕಡಿ ಸರಿ ಇಲ್ಲ" ಎಂದೆ.

"ಅಮ್ಮ, ಇದನ್ನ ಹೋದ ವಾರ ಸರಿ ಮಾಡಿಕೊಟ್ಟವರು ನಿಮ್ಮ ಯಜಮಾನರೇ."

ಪ್ಯಾಕೆಟ್ ಎತ್ತಿಕೊಂಡು ಬಂದೆ. ಕ್ಷಮಿಸಿ ಎಂದೂ ಹೇಳಲಿಲ್ಲ. ಈಗ ನಾಚಿಕೆಯಾಗುತ್ತಿದೆ.

ಅದೇ ದಿನ, 6.15

ಇವರ ತೂಕದ ಪೆಟ್ಟಿಗೆ ತೆಗೆದೆ. ಹಿತ್ತಾಳೆ ತೂಕಗಳು ವೆಲ್ವೆಟ್ ಗುಂಡಿಗಳಲ್ಲಿ ಕೂತಿರುತ್ತವೆ. ಮುಟ್ಟಲು ಬಿಡುವುದಿಲ್ಲ. ಬೆರಳಿನ ಬೆವರು ಹತ್ತಿದರೂ ತೂಕ ಕೆಡುತ್ತದಂತೆ. ಬಟ್ಟೆಯಲ್ಲಿ ಹಿಡಿದು ಒಂದೊಂದೇ ಇಟ್ಟು ನೋಡಿದೆ.

ನೂರು ಇಟ್ಟರೆ ಎಂಬತ್ತಾರು. ಇನ್ನೂರಕ್ಕೆ ನೂರ ಎಪ್ಪತ್ತೆರಡು. ಐನೂರಕ್ಕೆ ನಾನೂರ ಮೂವತ್ತು. ಖಾಲಿ ಇದ್ದಾಗ ಮಾತ್ರ ಸರಿಯಾಗಿ ಸೊನ್ನೆ.

ಹದಿನೆಂಟು ವರ್ಷ ಈ ಮನುಷ್ಯನ ಜೊತೆ ಬಾಳಿದ್ದೇನೆ. ಅಷ್ಟು ನನಗೂ ಗೊತ್ತು. ಹಳತಾಗಿ ಕೆಟ್ಟ ತಕ್ಕಡಿ ಇಷ್ಟು ಶಿಸ್ತಾಗಿ ಸುಳ್ಳು ಹೇಳುವುದಿಲ್ಲ. ತೂಕ ಕಡಿಮೆ ತೋರಿಸಲಿ ಎಂದು ಸ್ಪ್ರಿಂಗನ್ನು ಯಾರೋ ಬೇಕೆಂದೇ ಬಿಗಿ ಮಾಡಿದ್ದಾರೆ.

ಯಾರೋ ಎನ್ನುವುದೇನು ಬಂತು. ಈ ಮನೆಯಲ್ಲಿ ಆ ಕೈ ಒಂದೇ.

ಜೂನ್ 20

ಏನೂ ಕೇಳಲಿಲ್ಲ. ತಕ್ಕಡಿಯನ್ನು ಮೇಜಿನ ನಡುವೆ ಇಟ್ಟೆ. ಮೇಲೆ ನೂರರ ತೂಕ. ಮುಳ್ಳು ಎಂಬತ್ತಾರರಲ್ಲಿ.

ಇವರು ಕೆಲಸದಿಂದ ಬಂದರು. ಟೀಗೆ ಅಂತ ಅಡುಗೆಮನೆಗೆ ಬಂದವರು ನೋಡಿದರು. ತೂಕವನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟು ಹೋದರು. ಟೀ ಕುಡಿಯಲಿಲ್ಲ.

ಜೂನ್ 29

ಒಂಬತ್ತು ದಿನ ಈ ಮನೆಯಲ್ಲಿ ಮಾತು ಎಂದರೆ — ಬೀಗದ ಕೈ ಎಲ್ಲಿ, ನೀರು ಬಂತಾ, ಲೈಟ್ ಆರಿಸು.

ಇವತ್ತು ಇವರೇ ಬಾಯಿಬಿಟ್ಟರು. ಬಟ್ಟೆ ಒಣಗಿಹಾಕುತ್ತಿದ್ದೆ. ಹಿಂದೆ ಬಂದು ನಿಂತರು. ನನ್ನ ಬೆನ್ನಿಗೆ ಹೇಳಿದರು, ಮುಖಕ್ಕಲ್ಲ.

"ತಟ್ಟೇನ ಬೆರಳಲ್ಲಿ ಬಳೀತಿದ್ದಳು ಅಕ್ಕ. ನೋಡಿದ್ಯಾ ನೀನು?"

"ನೋಡಿದೀನಿ."

"ನನ್ನನ್ನ ಸಾಕಿದವಳು. ತನ್ನ ತಟ್ಟೆದು ತೆಗೆದು ನನಗೆ ಹಾಕಿ ಬೆಳೆಸಿದವಳು. ಎರಡನೇ ತಿಂಗಳಲ್ಲಿ ಒಂದಿನ ನೀನು ಕೆಲಸಕ್ಕೆ ಹೋದಾಗ ಸ್ಪ್ರಿಂಗು ಒಂದು ಸುತ್ತು ಬಿಗಿ ಮಾಡಿದೆ. ಹೊತ್ತಿಗೆ ಎರಡು ತುತ್ತು ಜಾಸ್ತಿ ಬೀಳ್ಲಿ ಅಂತ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬಿಡ್ತಿದ್ಯಾ? ನಿನಗೆ ಚೀಟಿ ಅಂದ್ರೆ ಚೀಟಿ."

ಒದ್ದೆ ಬಟ್ಟೆ ಕೈಯಲ್ಲೇ ಇತ್ತು.

"ನಾನೇ ಕೊಂದೆ ಕಣೇ ಅವಳನ್ನ. ಎರಡೆರಡು ತುತ್ತಾಗಿ. ಇನ್ನು ನಾನು ತೂಕ ಹಾಕಿ ತಿಂದು ಗಟ್ಟಿಯಾಗಿ ಇರಬೇಕಾ? ಯಾತಕ್ಕೆ?"

ತಿರುಗಿ ನೋಡುವಷ್ಟರಲ್ಲಿ ಇರಲಿಲ್ಲ.

ಜೂನ್ 30

ಸಿಟ್ಟು. ಎಲ್ಲಿತ್ತೋ ಇಷ್ಟು. ಹನ್ನೊಂದು ತಿಂಗಳು ಮುಳ್ಳು ನೋಡಿ ನೋಡಿ ಕಣ್ಣು ನೋಯಿಸಿಕೊಂಡೆ. ಒಂದು ಕಾಳು ಹೆಚ್ಚಾದರೆ ತೆಗೆದೆ. ಅತ್ತಿಗೆ ಇನ್ನೊಂದು ತುತ್ತು ಕೇಳಿದಾಗ ಇಲ್ಲ ಎಂದ ಕೆಟ್ಟವಳು ನಾನು. ಒಳ್ಳೆಯತನ ಇವರದು.

ಮೊದಲ ತಿಂಗಳು ಬಿಟ್ಟರೆ ಈ ನೋಟ್‌ಬುಕ್ಕಿನಲ್ಲಿರುವ ಒಂದು ಅಂಕಿಯೂ ನಿಜವಲ್ಲ.

ಜುಲೈ 2, ಮಧ್ಯಾಹ್ನ

ಕೋಟಿಗೆ ಇಸ್ತ್ರಿ ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ಕೈ ನಿಂತಿತು. ಸ್ಟೀಮಕ್ಕ "ಏ, ಸುಟ್ಟೀತು!" ಎಂದು ಕೂಗಿದರು.

"ನನ್ನ ತವರಿನ ತಕ್ಕಡಿ. ನನ್ನ ಪರಾನೇ."

ಅದು ತಮಾಷೆಯಲ್ಲ. ಅತ್ತಿಗೆಗೆ ಗೊತ್ತಿತ್ತು! ದಿನಾ ಬೀಳುವ ನೂರಕ್ಕಿಂತ ಒಂದಿನ ಹೆಚ್ಚು ಬಿದ್ದರೆ ತಟ್ಟೆ ಬಳಿಯುವವರಿಗೆ ಗೊತ್ತಾಗದೆ ಇರುತ್ತದಾ? ತವರಿನವರು ಕೊಡುವಾಗ ಅಳೆದು ಕೊಡುತ್ತಾರಾ? ನನ್ನೆದುರೇ ಹೇಳುತ್ತಿದ್ದರು, ದಿನಾ, ನಗುತ್ತಾ.

ತಮ್ಮನಿಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಅದೇ ಮೇಜಿನ ಮುಂದೆ ಮೂರನೆಯವಳಾಗಿ ಕೂತಿದ್ದೆ.

ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜುಲೈ 3

ಅರ್ಧ ದಿನ ರಜೆ ಹಾಕಿ ಡಯಟ್ ಮೇಡಂ ಹತ್ತಿರ ಹೋದೆ. ಅತ್ತಿಗೆಯ ಹಳೆ ಚೀಟಿಗಳನ್ನೂ ಒಯ್ದಿದ್ದೆ. ತಕ್ಕಡಿಯ ವಿಷಯ ಪೂರ್ತಿ ಹೇಳಿದೆ. ಈ ಸಲ ನಗಲಿಲ್ಲ. ಮೊದಲನೇ ರಿಪೋರ್ಟನ್ನೂ ಕೊನೆಯದನ್ನೂ ಎರಡೆರಡು ಸಲ ಓದಿದರು.

"ಇವರ ಕಿಡ್ನಿ ಮೊದಲನೇ ದಿನಾನೇ ಮುಕ್ಕಾಲು ಹೋಗಿತ್ತಮ್ಮ. ಆ ಎರಡು ತುತ್ತಿಂದ ಅಲ್ಲ."

"ಖಂಡಿತಾನಾ ಮೇಡಂ?"

"ನನ್ನ ಅಕ್ಕ ಆಗಿದ್ರೆ ನಾನೂ ಹಾಕ್ತಿದ್ದೆನೇನೋ. ನಿಮ್ಮದು ಮಾತ್ರ ಬೇರೆ ತಕ್ಕಡೀಲಿ ತೂಗಿ."

ಬರುವ ದಾರಿಯಲ್ಲಿ ದಿನಸಿ ಅಂಗಡಿಯಾತನಿಗೆ ತಪ್ಪಾಯಿತು ಎಂದೆ. "ಹೋಗಲಿ ಬಿಡಿಯಮ್ಮ" ಎಂದ. ಏನೋ ಒಂದು ಹಗುರಾಯಿತು.

ಜುಲೈ 4, ಸಂಜೆ

ಇವರು ಕಿಟಕಿ ಹತ್ತಿರ ಬನ್ ಹಿಡಿದು ನಿಂತಿದ್ದರು. ಮೇಡಂ ಅಂದದ್ದನ್ನು ಹೇಳಿದೆ. ತಲೆ ಆಡಿಸಿದರು. ನಂಬಿದ ಹಾಗೆ ಕಾಣಲಿಲ್ಲ. ಡಾಕ್ಟರ ಕಡೆಯವರು ಸಮಾಧಾನಕ್ಕೆ ಏನಾದರೂ ಹೇಳುತ್ತಾರೆ ಎನ್ನುವ ಮುಖ.

ಆಮೇಲೆ ತವರಿನ ತಕ್ಕಡಿಯ ಮಾತು ಹೇಳಿದೆ. ಅತ್ತಿಗೆ ಗದ್ದ ಊರಿ ಕೂರುತ್ತಿದ್ದುದು, ನಗುತ್ತಿದ್ದುದು, ಒಂದೊಂದೂ.

"ಗೊತ್ತಿತ್ತಾ ಅವಳಿಗೆ?"

"ಗೊತ್ತಿತ್ತು ಕಣ್ರೀ. ದಿನಾ ಖುಷಿಪಡ್ತಿದ್ರು. ಗೊತ್ತಿಲ್ಲದೆ ಇದ್ದಿದ್ದು ನನಗೆ."

ಬನ್ ಕಿಟಕಿಯ ಕಟ್ಟೆ ಮೇಲಿಟ್ಟರು. ಮುಖ ಹೊರಗೆ ತಿರುಗಿಸಿದರು. ಭುಜ ಅಲುಗುತ್ತಿತ್ತು. ಹತ್ತಿರ ಹೋಗಲಾ ಬೇಡವಾ... ಹೋಗಲಿಲ್ಲ. ನನ್ನದೂ ಇನ್ನೂ ಆರಿಲ್ಲ.

ಹೊರಗೆ ನೋಡುತ್ತಲೇ ಅಂದರು — "ನಿನಗೆ ಹೇಳಬೇಕಿತ್ತು."

ಅಷ್ಟೇ. ಅಷ್ಟು ಸಾಕಾ? ಗೊತ್ತಿಲ್ಲ.

ಜುಲೈ 7

ಕೆಲಸದಿಂದ ಬಂದಾಗ ಮೇಜಿನ ಮೇಲೆ ಪೇಪರ್ ಹಾಸಿತ್ತು. ತಕ್ಕಡಿಯ ಹೊಟ್ಟೆ ಬಿಚ್ಚಿ ಕೂತಿದ್ದರು. ಸ್ಪ್ರಿಂಗ್ ಒಂದು ಸುತ್ತು ಸಡಿಲ ಮಾಡಿದರು. ತೂಕ ಇಟ್ಟರು, ತೆಗೆದರು, ಮತ್ತೆ ಇಟ್ಟರು. ನೂರಕ್ಕೆ ನೂರು. ಐನೂರಕ್ಕೆ ಐನೂರು.

"ನೋಡು" ಎಂದು ನನ್ನ ಕಡೆ ತಳ್ಳಿದರು. ಅಂಗಡಿಯವರಿಗೆ ತೋರಿಸುವ ಹಾಗೆ.

ಕನ್ನಡಿಯ ಹಿಂದೆ ಚೀಟಿ ಇಲ್ಲ. ಕೇಳಲಿಲ್ಲ. ಕೇಳಿದರೆ ಮತ್ತೆ ಅಲ್ಲೇ ಸಿಕ್ಕಿಸಿಬಿಟ್ಟಾರು ಎಂದು ಭಯ.

ಜುಲೈ 8, ಬೆಳಿಗ್ಗೆ 7.40

ಇವರು ಟೀ ಕುಡಿಯದೆ ಹೋದರು. ಬಾಗಿಲಲ್ಲಿ ನಿಂತು, "ಖಾಲಿ ಹೊಟ್ಟೇಲಿ ರಕ್ತ ಕೊಡಬೇಕಂತೆ" ಎಂದರು. ಬೇರೆ ಯಾರದೋ ವಿಷಯ ಹೇಳುವ ಹಾಗೆ.

ಎರಡು ತಟ್ಟೆ ತೂಗಿಟ್ಟಿದ್ದೇನೆ. ಅನ್ನ ನೂರು, ಕಾಳು ಎಂಬತ್ತು, ಬೀನ್ಸ್. ನಿಜವಾದ ನೂರು ಎಷ್ಟು ಕಡಿಮೆ ಕಾಣುತ್ತದೆ! ಇಷ್ಟರಲ್ಲಿ ಅತ್ತಿಗೆಯನ್ನು ಇಡಬೇಕೆಂದಿದ್ದೆ ನಾನು.

ಇವರ ತಟ್ಟೆಯನ್ನು ಎಲ್ಲಿಡುವುದು ಎಂದು ತಿಳಿಯದೆ ಒಲೆ ಪಕ್ಕವೇ ಬಿಟ್ಟಿದ್ದೇನೆ. ಕಿಟಕಿ ಕಟ್ಟೆಯ ಮೇಲೆ ಇಡಲು ಮನಸ್ಸಿಲ್ಲ. ಮೇಜಿನ ಮೇಲೆ ಇಡಲು ಧೈರ್ಯವಿಲ್ಲ.

ಹೊರಬಾಗಿಲು ತೆರೆದ ಸದ್ದು. ಬಂದರು. ಚಪ್ಪಲಿ ಬಿಟ್ಟರು. ಕೈ ತೊಳೆಯುತ್ತಿದ್ದಾರೆ.

ಕುರ್ಚಿ ಎಳೆದರು. ಟಕ್ ಎಂದಿತು. ಗೋಡೆ ಕಡೆಯದು. ಎರಡೂ ತಟ್ಟೆ ತೆಗೆದುಕೊಂಡು ನಾನೂ ಮೇಜಿಗೆ ಹೋಗುತ್ತೇನೆ—