ಬಲಗಡೆಯ ಜಾಗ

ಬೈರಕೂರು, ಮುಳಬಾಗಿಲು ತಾಲ್ಲೂಕು
6-2-1984

ಪರೀಕ್ಷೆ ನಡೆಸುವ ದೊಡ್ಡ ಮೇಷ್ಟ್ರಿಗೆ ಅನಸೂಯಮ್ಮ ಮಾಡುವ ನಮಸ್ಕಾರಗಳು.

ಬರುವ ಶನಿವಾರ ಬೆಂಗಳೂರಿನಲ್ಲಿ ನೀವು ಇಂಗ್ಲಿಷ್ ಪರೀಕ್ಷೆ ಇಟ್ಟಿದ್ದೀರಿ. ಅದು ಪಾಸಾದರೇನೇ ಹೊರದೇಶದ ಆಸ್ಪತ್ರೆಯಲ್ಲಿ ಕೆಲಸವಂತೆ. ಕೋಲಾರದಲ್ಲಿ ನರ್ಸಾಗಿರುವ ನನ್ನ ಮಗಳು ನಾಗಮಣಿಯೂ ಬರುತ್ತಾಳೆ. ಟೇಪ್‌ರೆಕಾರ್ಡರಿನಲ್ಲಿ ಮಾತು ಕೇಳಿಸಿ ಉತ್ತರ ಬರೆಸುತ್ತೀರಂತೆ. ಆ ಟೇಪು ಅವಳ ಬಲಗಡೆಗೆ ಬರುವ ಹಾಗೆ ಕೂರಿಸಬೇಕು. ಚಿಕ್ಕಂದಿನಲ್ಲಿ ಸೋರಿ ಸೋರಿ ಅವಳ ಎಡಗಿವಿ ಹೋಗಿದೆ. ಹೀಗೆ ಕೇಳುವುದು ಕಾಪಿ ಹೊಡೆದ ಹಾಗಾಗುವುದಿಲ್ಲ ತಾನೇ? ನಾನು ಓದಿದ್ದು ನಾಲ್ಕನೇ ಕ್ಲಾಸು, ನಿಮ್ಮ ನಿಯಮ ತಿಳಿಯದು. ಈ ಕಾಗದ ನೋಡಿ ಅವಳನ್ನು ಹೊರಗೆ ಮಾತ್ರ ಕಳಿಸಬೇಡಿ.

ಹೋದ ಸಲ ಫೇಲಾದಾಗ, "ಟೇಪು ಯಾವ ಕಡೆ ಇಟ್ಟಿದ್ರು ಕಣೇ?" ಅಂದೆ.

"ಎಡಗಡೆ. ಈಗ್ಯಾಕಮ್ಮ ಅದು?" ಅಂದಳು.

"ಬೇರೆ ಕಡೆ ಕೂರ್ತೀನಿ ಅಂತ ಕೇಳ್ಬಾರ್ದಾಗಿತ್ತೇನೇ?"

"ಕಿವುಡಿ ನರ್ಸನ್ನ ಯಾರು ಕರ್ಕೊಂತಾರೆ, ಸುಮ್ನಿರಮ್ಮ."

ಗಂಡನ ಮನೆಯಲ್ಲೂ ಹೀಗೇ ಬಾಯಿ ಬಿಡಲಿಲ್ಲ. ಕರೆದರೆ ಓಗೊಡಲ್ಲ, ಬಲು ಗರ್ವ ಅಂತ ಅವರು ತಂದು ಬಿಟ್ಟು ಹೋದರು. ಇಲ್ಲಿಯವರಿಗೂ ಅವಳು ಗರ್ವದವಳೇ. ಅದಕ್ಕೇ ದೂರ ಹೋಗಬೇಕು ಅಂತಾಳೆ.

ನಾನು ಬರೆದದ್ದು ಅವಳಿಗೆ ತಿಳಿಯದಿರಲಿ. ಊಟಕ್ಕೆ ಕೂತಾಗ ನಾನು ಯಾವತ್ತೂ ಅವಳ ಬಲಗಡೆಗೇ ಕೂರುವುದು. ಪಾಸಾದರೆ ಆ ದೇಶದಲ್ಲಿ ಅವಳ ಬಲಗಡೆ ಯಾರು ಕೂರುತ್ತಾರೋ. ಆದರೂ ಪಾಸಾಗಲಿ ಸ್ವಾಮಿ.

ಇಂತಿ,
ನಾಗಮಣಿಯ ತಾಯಿ
ಅನಸೂಯಮ್ಮ