ನಾನು ಒತ್ತಿದ ಎರಡುಗಳು

ಚಾಮರಾಜನಗರ
ಬುಧವಾರ, 13 ನವೆಂಬರ್ 2024

ಪ್ರಿಯ ಮಲ್ಲಿಕಾರ್ಜುನಸ್ವಾಮಿಯವರಿಗೆ,

ಹೆಸರು ಹಿಡಿದು ಕರೆದೆನೆಂದು ಗಾಬರಿಯಾಗಬೇಡಿ. ಇಪ್ಪತ್ತೆರಡು ವರ್ಷ ‘ರೀ’ ಎಂದೇ ಕರೆದಿದ್ದೇನೆ. ಕಾಗದದಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲ. ಗುಂಡ್ಲುಪೇಟೆಯ ಫಾರೆಸ್ಟ್ ಕ್ವಾರ್ಟರ್ಸಿಗೆ ಒಂದು ಫೋನ್ ಮಾಡುವ ಬದಲು ಪೋಸ್ಟಿಗೆ ಹಾಕುವುದೇಕೆ ಎನ್ನುತ್ತೀರಿ. ಫೋನಿನಲ್ಲಿ ನಾನು ಎರಡನೇ ಮಾತು ಆಡುವ ಮೊದಲೇ ನೀವು “ಇವತ್ತೆಷ್ಟು?” ಎಂದು ಕೇಳುತ್ತೀರಿ. ನಾನು ಅಂಕಿ ಹೇಳುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಭಾನುವಾರ ನೀವು ತಂದುಕೊಟ್ಟ ಸ್ವಯಂ ನಿವೃತ್ತಿಯ ಅರ್ಜಿ ಇದರ ಜೊತೆಗಿದೆ. ಸಹಿ ಮಾಡಿಲ್ಲ. ಕೈ ಬಾರದೆ ಬಿಟ್ಟದ್ದಲ್ಲ. ಪೆನ್ನಿಗೆ ಬಟ್ಟೆ ಸುತ್ತಿಕೊಂಡರೆ ಇಷ್ಟುದ್ದದ ಕಾಗದ ಬರೆಯಬಲ್ಲೆ. ಎಲ್ಲ ಕಾಲಮ್ಮುಗಳನ್ನೂ ನೀವೇ ತುಂಬಿದ್ದೀರಿ. ‘ಕಾರಣ’ ಎಂಬಲ್ಲಿ ‘ಅನಾರೋಗ್ಯದ ನಿಮಿತ್ತ ಬೋಧನೆ ಅಸಾಧ್ಯ’ ಎಂದು ಬರೆದಿದ್ದೀರಿ. ನನ್ನ ತರಗತಿಗೆ ನೀವು ಒಂದು ದಿನವೂ ಬಂದು ಕುಳಿತವರಲ್ಲ.

ಸಂಧಿವಾತ ಎಂದು ಗೊತ್ತಾದ ವಾರ ನೀವು ಎರಡು ದಿನ ರಜೆ ಹಾಕಿ ಬಂದಿರಿ. ಮೈಸೂರಿನ ಡಾಕ್ಟರು ಹೇಳಿದ ಆ್ಯಪನ್ನು ನನ್ನ ಫೋನಿಗೆ ಹಾಕಿ, ಅಂಕಿಗಳು ಅವರಿಗೂ ನಿಮಗೂ ಹೋಗುವಂತೆ ಮಾಡಿಕೊಟ್ಟಿರಿ. ಅದನ್ನು ಮರೆತಿಲ್ಲ. ಬೆಳಿಗ್ಗೆ ಆರೂವರೆಗೆ ಅದು ಕೇಳುತ್ತದೆ: ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಕೀಲುಗಳ ಬಿಗಿತ ಎಷ್ಟು ನಿಮಿಷ? ಅಂಗಿಯ ಗುಂಡಿ ಹಾಕಿಕೊಳ್ಳಬಲ್ಲಿರಾ? ಸೀರೆಯ ನೆರಿಗೆ ಹಿಡಿಯಬಲ್ಲಿರಾ, ಮುದ್ದೆ ತೊಳಸಬಲ್ಲಿರಾ ಎಂದು ಮಾತ್ರ ಕೇಳುವುದಿಲ್ಲ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಚಿಕ್ಕನಿಂಗಮ್ಮ ಒಮ್ಮೆ ನೋಡಿ, “ನನ್ ಮಂಡಿಗೂ ಒಂದಪ ಒತ್ತಿ ಟೀಚರಮ್ಮ, ಇಪ್ಪತ್ತಾಕಿ” ಎಂದಳು. ಹತ್ತರ ತನಕ ಮಾತ್ರ ಎಂದೆ. “ಅಂಗಾರೆ ಅದು ನಮ್ಮಂತೋರ್ಗಲ್ಲ ಬುಡಿ” ಎಂದು ಪಾತ್ರೆ ತೊಳೆಯಲು ಹೋದಳು.

ಜೂನಿನಲ್ಲಿ ಮೂರು ದಿನ ಏಳು ಒತ್ತಿದೆ. ನಾಲ್ಕನೇ ದಿನ ಹರದನಹಳ್ಳಿಯಲ್ಲಿ ಬಸ್ಸಿಳಿದು ಹೋಗುವಷ್ಟರಲ್ಲಿ ನನ್ನ ಒಂದನೇ ತರಗತಿಯಲ್ಲಿ ಹೊಸ ಮೇಷ್ಟ್ರು ರೇವಂತ್ ನಿಂತಿದ್ದರು. ಹೆಡ್‌ಮಾಸ್ಟರು ಕುಮಾರಸ್ವಾಮಿ ನನ್ನ ಮುಖ ನೋಡದೆ, ಹಾಜರಾತಿ ಪುಸ್ತಕಗಳ ಕೆಲಸವಿದೆ, ಆಫೀಸಿನಲ್ಲೇ ಇರಿ ಎಂದರು. ಕಾರಣ ತಿಳಿದದ್ದು ಮಧ್ಯಾಹ್ನ, ಚಿಕ್ಕನಿಂಗಮ್ಮನಿಂದ. “ನಿಮ್ಮ ಯಜಮಾನ್ರೆ ಫೋನ್ ಮಾಡಿದ್ರಂತಲ್ಲ ಕನಿ, ಅವಳ ಕೈಲಾಗಲ್ಲ, ಎಂಗಾರ ಮಾಡಿ ತಪ್ಸಿ ಅಂತ. ಅದ್ಕೆ ನಿಮ್ ಮಕ್ಳ ಆವಯ್ಯನ್ಗೆ ಕೊಟ್ಬುಟ್ಟವ್ರೆ.”

ಮಕ್ಕಳನ್ನು ಕೊಟ್ಟುಬಿಟ್ಟರು ಎಂದು ಅವಳು ಅಂದದ್ದು ಸರಿಯಾಗಿಯೇ ಇತ್ತು. ಮಾರನೆಯ ದಿನದಿಂದ ಎರಡು ಒತ್ತತೊಡಗಿದೆ. ಬಿಗಿತ ಹತ್ತು ನಿಮಿಷ, ಗುಂಡಿಗೆ ‘ಹೌದು’. ಹದಿನೈದು ದಿನಕ್ಕೆ ನೀವೇ ಮತ್ತೆ ಕುಮಾರಸ್ವಾಮಿಯವರಿಗೆ ಫೋನ್ ಮಾಡಿ, ಈಗ ಪರವಾಗಿಲ್ಲವಂತೆ ಎಂದಿರಿ. ತರಗತಿ ವಾಪಸು ಬಂತು. ಎರಡು ಒತ್ತಿದರೆ ಮಕ್ಕಳು ಸಿಗುತ್ತಾರೆ, ಏಳು ಒತ್ತಿದರೆ ಹೋಗುತ್ತಾರೆ. ನಿಮ್ಮಿಂದ ನಾನು ಕಲಿತ ಪಾಠ ಅದು. ನಾಲ್ಕು ತಿಂಗಳು ಎರಡನ್ನೇ ಒತ್ತಿದೆ.

ಈಗ ನನ್ನ ತಪ್ಪು ಬರೆಯುತ್ತೇನೆ. ಸೆಪ್ಟೆಂಬರಿನಲ್ಲಿ ಡಾಕ್ಟರು ವಿಡಿಯೋ ಕರೆಯಲ್ಲಿ ನನ್ನ ಗ್ರಾಫ್ ನೋಡಿ ಸಂತೋಷಪಟ್ಟರು. ರಕ್ತಪರೀಕ್ಷೆ ಏಕಾಗಿಲ್ಲ ಎಂದಾಗ ಲ್ಯಾಬ್ ಮುಚ್ಚಿತ್ತು ಎಂದೆ. ಮುಚ್ಚಿರಲಿಲ್ಲ. ಈ ವಾರವೇ ಮಾಡಿಸಿ ಎಂದರು, ಆಯಿತು ಎಂದೆ, ಮಾಡಿಸಲಿಲ್ಲ. ವಾರಕ್ಕೊಮ್ಮೆಯ ಆರು ಮಾತ್ರೆಯನ್ನು ಅವರು ನಾಲ್ಕಕ್ಕೆ ಇಳಿಸಿದರು. ನನ್ನ ಸುಳ್ಳನ್ನು ನಂಬಿ ಇಳಿಸಿದರು.

ಹೋದ ವಾರದ ಸೋಮವಾರ, ಊಟದ ಬಿಡುವಿನಲ್ಲಿ, ಶಾಲೆಯ ಶೌಚಾಲಯದೊಳಗೆ ಸಿಕ್ಕಿಕೊಂಡೆ. ಒಳಗಿನಿಂದ ಹಾಕಿದ್ದ ಚಿಲಕವನ್ನು ಎತ್ತಲಾಗಲಿಲ್ಲ. ಎರಡೂ ಕೈಯ ಬೆರಳುಗಳು ನನ್ನವಲ್ಲವೆಂಬಂತೆ ನಿಂತಿದ್ದವು. ಇಪ್ಪತ್ತು ನಿಮಿಷ. ಆಚೆ ನನ್ನ ಮಕ್ಕಳು ಕೈ ತೊಳೆಯುವ ಸದ್ದು ಕೇಳುತ್ತಿತ್ತು. ಕೂಗಿದರೆ ಅವರೇ ಬರುತ್ತಾರೆಂದು ಕೂಗಲಿಲ್ಲ. ಕೊನೆಗೆ ಚಿಕ್ಕನಿಂಗಮ್ಮ ಬಾಗಿಲು ತಟ್ಟಿ ಯಾರೆಂದಳು. ಚಿಲಕ ಬರುತ್ತಿಲ್ಲ ಎಂದೆ. “ಚಿಲ್ಕ ಬತ್ತಿಲ್ವ, ಕೈ ಬತ್ತಿಲ್ವ?” ಎಂದು ಕೇಳಿದಳು. ಆ ಆ್ಯಪ್ ಒಮ್ಮೆಯಾದರೂ ಹಾಗೆ ಕೇಳಿದ್ದರೆ! ಕೈ ಎಂದೆ. ಸೌಟಿನ ಹಿಡಿಯನ್ನು ಸಂದಿಯಲ್ಲಿ ತೂರಿಸಿ ಚಿಲಕ ಎತ್ತಿದಳು. ಯಾರಿಗೂ ಹೇಳಲಿಲ್ಲ. ಅಂದು ಬೆಳಿಗ್ಗೆಯೂ ನಾನು ಎರಡು ಒತ್ತಿ ಹೋಗಿದ್ದೆ.

ಸಂಜೆ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು, ನೋವು ಎರಡಿರಲಿ ಎಂಟಿರಲಿ ನನಗೆ ನಡೆಯುತ್ತದೆ ನೀಲಾವತಿ, ಸುಳ್ಳು ಮಾತ್ರ ನಡೆಯುವುದಿಲ್ಲ ಎಂದರು. ಮರುದಿನ ರಕ್ತ ಕೊಟ್ಟೆ. ವರದಿ ನೋಡಿ ಮಾತ್ರೆಯನ್ನು ಮತ್ತೆ ಆರು ಮಾಡಿದ್ದಾರೆ. ಅಂದಿನಿಂದ ನಿಜವಾದ ಅಂಕಿ ಒತ್ತಿದೆ: ಎಂಟು, ಎಂಟು, ಏಳು. ಆ ಭಾನುವಾರ ನೀವು ಅರ್ಜಿ ಹಿಡಿದು ಬಂದಿರಿ. ಏನಾಯಿತೆಂದು ಕೇಳಲಿಲ್ಲ. “ಸಾಕು ಬುಡು ನೀಲಾ, ಯಾರ್ಗೋಸ್ಕರ ಒದ್ದಾಡಿಯೆ?” ಎಂದಿರಿ.

ನನಗೋಸ್ಕರ. ಇಪ್ಪತ್ತಮೂರು ಮಕ್ಕಳ ಕೈ ಹಿಡಿದು ‘ಅ’ ತಿದ್ದಿಸುವುದು ನನ್ನ ಕೆಲಸ. ಬೆರಳು ಮಡಚದ ದಿನ ಮರಳು ಹರಡಿ, ಪಕ್ಕದಲ್ಲಿ ಕುಳಿತು ಬಾಯಲ್ಲೇ ಹೇಳುತ್ತೇನೆ: ಸುತ್ತು, ಕೆಳಗೆ ಬಾ, ಮೇಲೆ ಹೋಗು, ನಿಲ್ಲು. ಹಿಂದಿನ ವರ್ಷಗಳಲ್ಲಿ ಕೈ ಹಿಡಿಸಿಕೊಂಡು ಕಲಿತವರಿಗಿಂತ ಹೀಗೆ ಕಲಿತ ಇವರ ಅಕ್ಷರ ದುಂಡಗಿದೆ. ಇದನ್ನು ಕುಮಾರಸ್ವಾಮಿಯವರಿಗೂ ತೋರಿಸಿದೆ. ನನ್ನ ಆರೋಗ್ಯದ ವಿಷಯ ಯಾರು ಫೋನ್ ಮಾಡಿದರೂ ಮೊದಲು ನನ್ನನ್ನು ಕರೆಯಿರಿ ಎಂದೆ. ಕರೆಯುತ್ತೇನೆ ಎಂದಿದ್ದಾರೆ. ಆಗದ ದಿನ ಆಗುವುದಿಲ್ಲ ಎಂದು ನಾನೇ ಹೇಳುತ್ತೇನೆ. ಆ ದಿನ ಯಾವುದೆಂದು ನೀವು ಹೇಳಬೇಡಿ.

ಬಂಡೀಪುರದಲ್ಲಿ ಆನೆಗೆ ರೇಡಿಯೋ ಪಟ್ಟಿ ಹಾಕಿದ ವರ್ಷ ನೀವು ಉಣ್ಣುತ್ತಾ ಹೇಳಿದ್ದಿರಿ: “ಕಂಪ್ಯೂಟ್ರಲ್ಲಿ ಅದ್ರ ಚುಕ್ಕೆ ನೋಡ್ಕಂಡಿರದು ನಮ್ ಕೆಲ್ಸ ಕಣಮ್ಮಿ. ಸುಮ್ಸುಮ್ನೆ ಜೀಪ್ ತಕ್ಕಂಡು ಹಿಂದೆ ಓಗಂಗಿಲ್ಲ, ಅದ್ಕೆ ದಾರಿ ಗೊತ್ತು.” ಆನೆಗೆ ಕೊಟ್ಟಷ್ಟು ಮರ್ಯಾದೆಯನ್ನು ನನಗೂ ಕೊಡಿ.

ನನ್ನ ಅಂಕಿಗಳನ್ನು ನೋಡುವವರ ಪಟ್ಟಿಯಿಂದ ನಿಮ್ಮ ಹೆಸರನ್ನು ಅಳಿಸಿದ್ದೇನೆ. ಭಾನುವಾರ ಬನ್ನಿ. ಅರ್ಜಿಯ ಮಾತು ಬೇಡ. ಮುದ್ದೆ ನೀವು ತೊಳಸಿ, ಸಾರು ನಾನು ಮಾಡುತ್ತೇನೆ.

ನಿಮ್ಮವಳೂ
ಹರದನಹಳ್ಳಿಯ ಒಂದನೇ ತರಗತಿಯ ಟೀಚರೂ ಆದ
ನೀಲಾವತಿ

ಇನ್ನೊಂದು ಮಾತು: ಅಳಿಸಿದ್ದೇನೆ ಎಂದು ಬರೆದ ಮೇಲೆ, ಲಕೋಟೆ ಅಂಟಿಸುವ ಮೊದಲು ಅಳಿಸಿಬಿಡೋಣವೆಂದು ಆ್ಯಪ್ ತೆರೆದೆ. ‘ಖಚಿತವೇ?’ ಎಂದು ಕೇಳಿತು. ಬೆರಳು ಬಾಗಲಿಲ್ಲ ಎನ್ನಬಹುದಿತ್ತು. ಸುಳ್ಳು ಹೇಳಿ ಸಾಕಾಗಿದೆ; ಬಾರದೇ ಹೋದದ್ದು ಮನಸ್ಸು. ಅಳಿಸಿಲ್ಲ. ಈ ಕಾಗದ ಸಿಕ್ಕ ಮರುದಿನವೂ ಬೆಳಿಗ್ಗೆ ಆರೂವರೆಗೆ ಅಂಕಿ ಬರುತ್ತದೆ. ಎಂಟೇ ಇರಬಹುದು. ನೋಡಿ, ಟೀ ಕುಡಿದು, ಡ್ಯೂಟಿಗೆ ಹೋಗಿ. ನಾನು ಬಸ್ಸಿನಲ್ಲಿರುತ್ತೇನೆ.